ಸಾತ್ಯಕಿ ಪಾರ್ಟು

ಮೊನ್ನೆ ವೈಟ್‌ಫೀಲ್ಡಿನ ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಹ್ಯಾರಿ ಪಾಟರ್ ವಿಷಯ ಬಂತು. ಟೀಮಿನ ಹುಡುಗಿಯೊಬ್ಬಳು ಸ್ನೇಪ್ ಪಾತ್ರ ಮಾಡಿದ ಅಲನ್ ರಿಕ್‌ಮನ್‌ರ ದೊಡ್ಡ ಅಭಿಮಾನಿ. "ಗೊತ್ತಾ, ಅವರು ಮೊದಲು ಗ್ರಾಫಿಕ್ ಡಿಸೈನರ್. ಇಪ್ಪತ್ತಾರನೇ ವಯಸ್ಸಲ್ಲಿ ಕೆಲಸ ಬಿಟ್ಟು ಲಂಡನ್ನಿನ ಡ್ರಾಮಾ ಸ್ಕೂಲ್ ಸೇರಿದ್ರು. ಎಷ್ಟೋ ವರ್ಷ ನಾಟಕ ಮಾಡಿ, 1988ರಲ್ಲಿ 'ಡೈ ಹಾರ್ಡ್' ಬರೋ ಹೊತ್ತಿಗೆ ನಲವತ್ತು ದಾಟಿತ್ತು" ಅಂದಳು. ಟೇಬಲ್ಲಿನಲ್ಲಿದ್ದವರೆಲ್ಲ ವಾವ್ ಅಂದ್ರು.

ನಾನು ಮೊಸರನ್ನ ಕಲಸುತ್ತಾ, "ನಮ್ಮಲ್ಲೂ ಒಬ್ರಿದ್ರು. ಎಂಜಿನಿಯರಿಂಗ್ ಓದಿ ನಾಟಕಕ್ಕೆ ಹೋದೋರು. ಸಂಚಾರಿ ವಿಜಯ್" ಅಂದೆ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, "ಓ, ಬೈಕ್ ಆಕ್ಸಿಡೆಂಟ್ ಆಯ್ತಲ್ಲ, ಅವ್ರಾ?" ಅಂದ.

ಅವನ ತಪ್ಪೇನಿಲ್ಲ ಬಿಡಿ. ಆದರೆ ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿಕೊಂಡು ಉಳಿದುಬಿಟ್ಟಿದೆ. ಅದಕ್ಕೇ ಇದನ್ನು ಬರೀತಿದ್ದೀನಿ.

ನಮ್ಮೂರು ತಿಪಟೂರಿನ ಹತ್ತಿರ. ನಮ್ಮ ಕಡೆ ಜಾತ್ರೆ ಅಂದ್ರೆ ತೇರು ಎಷ್ಟು ಮುಖ್ಯವೋ 'ಕುರುಕ್ಷೇತ್ರ' ನಾಟಕವೂ ಅಷ್ಟೇ ಮುಖ್ಯ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸ್ತಾರೆ. ಸಿಟಿಯವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನಮ್ಮಲ್ಲಿ ನಟನಿಗೆ ಯಾರೂ ದುಡ್ಡು ಕೊಡಲ್ಲ, ನಟನೇ ದುಡ್ಡು ಕೊಡಬೇಕು. ಒಂದೊಂದು ಪಾರ್ಟಿಗೆ ಒಂದೊಂದು ರೇಟು. ದುರ್ಯೋಧನ, ಕೃಷ್ಣ ದುಬಾರಿ, ಸೈನಿಕ ಅಗ್ಗ. ನಮ್ಮಪ್ಪ ಒಂದು ವರ್ಷ ಕೊಬ್ಬರಿ ಮಾರಿದ ದುಡ್ಡನ್ನ ಹಾಗೇ ಕರ್ಣನ ಪಾರ್ಟಿಗೆ ಸುರಿದು ಬಂದಿದ್ರು. ಅಮ್ಮ ಮೂರು ದಿನ ಮಾತು ಬಿಟ್ಟಿದ್ದರು. ನಾಟಕದ ರಾತ್ರಿ ಮಾತ್ರ ಮುಂದಿನ ಸಾಲಿನಲ್ಲೇ ಚಾಪೆ ಹಾಸಿಕೊಂಡು ಕೂತಿದ್ದರು.

ನಾನು ಬಿಇ ಸೇರಿದ ದಿನ ಅಪ್ಪ ಹೇಳಿದ್ದು ಒಂದೇ ಮಾತು: "ಬಣ್ಣದ ಹುಚ್ಚು ನಂಗೇ ಸಾಕು. ನಿಂಗೆ ಬ್ಯಾಡ."

ಹುಚ್ಚು ಹೇಳಿ ಕೇಳಿ ಬರುತ್ತದೆಯೇ? ಕೆಲಸ ಸಿಕ್ಕಿ ಕೈಗೆ ಸಂಬಳ ಬಂದ ಮೇಲೆ, 2013ರಲ್ಲಿ, ನಗರದ ಒಂದು ತಂಡದ ವಾರಾಂತ್ಯದ ರಂಗತರಬೇತಿಗೆ ಸೇರಿಕೊಂಡೆ. ಶನಿವಾರ ಬೆಳಗ್ಗೆ 335ಇ ಬಸ್ ಹತ್ತಿದರೆ ಮಾರತ್ತಹಳ್ಳಿ ದಾಟುವಷ್ಟರಲ್ಲಿ ಅರ್ಧ ನಿದ್ದೆ ಮುಗಿದಿರುತ್ತಿತ್ತು. ಮರುವರ್ಷ ಒಂದು ನಾಟಕದಲ್ಲಿ ಪಾತ್ರವೂ ಸಿಕ್ಕಿತು. ದೂತನ ಪಾತ್ರ, ನಾಲ್ಕೇ ನಾಲ್ಕು ಮಾತು. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಬಿಲ್ಡ್ ಓಡುತ್ತಿರುವಾಗ, ಎಲ್ಲೆಂದರಲ್ಲಿ ಆ ನಾಲ್ಕು ಮಾತನ್ನೇ ಹೇಳಿಕೊಳ್ಳುತ್ತಿದ್ದೆ.

ಶೋ ದಿನವೇ ಪ್ರೊಡಕ್ಷನ್ ರಿಲೀಸ್ ಬಿತ್ತು. ನಾನು ಹೋಗಲಿಲ್ಲ. ನನ್ನ ಜಾಗದಲ್ಲಿ ಲೈಟಿಂಗ್ ಹುಡುಗ ಆ ನಾಲ್ಕು ಮಾತು ಹೇಳಿದನಂತೆ. ಇತ್ತ ನಮ್ಮ ರಿಲೀಸು ರಾತ್ರಿ ಹನ್ನೊಂದಕ್ಕೆ ರೋಲ್‌ಬ್ಯಾಕ್ ಆಯಿತು.

ಈ ಕಥೆಯನ್ನ ಎಷ್ಟೋ ವರ್ಷ ಐಟಿ ಬದುಕಿನ ಕ್ರೌರ್ಯದ ಉದಾಹರಣೆಯಾಗಿ ಹೇಳಿಕೊಂಡು ತಿರುಗಿದ್ದೇನೆ. ನಿಜ ಬೇರೆ ಇದೆ. ನಾನು ರಜೆ ಕೇಳಲೇ ಇಲ್ಲ. ಮದುವೆ ಅಂದಿದ್ದರೆ ಕೊಡುತ್ತಿದ್ದರು, ಹಲ್ಲು ನೋವು ಅಂದಿದ್ದರೂ ಕೊಡುತ್ತಿದ್ದರು. ನಾಟಕ ಅನ್ನೋಕೆ ನನಗೇ ನಾಚಿಕೆ ಆಯಿತು. ಆಮೇಲೆ ಆ ತಂಡದ ಕಡೆ ತಲೆ ಹಾಕಲಿಲ್ಲ.

ಇದೇ ಹೊತ್ತಿಗೆ ನನಗೆ ವಿಜಯ್ ಹೆಸರು ಸಿಕ್ಕಿದ್ದು. ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನವರು, ನಮಗೆ ದೂರವೇನಲ್ಲ. ಎಂಜಿನಿಯರಿಂಗ್ ಓದಿ ಕಾಲೇಜಿನಲ್ಲಿ ಪಾಠ ಮಾಡಿದವರು. ಬಿ. ವಿಜಯ್ ಕುಮಾರ್ 'ಸಂಚಾರಿ' ವಿಜಯ್ ಆಗಿದ್ದು ತಮ್ಮ ರಂಗತಂಡದಿಂದ. ಎನ್. ಮಂಗಳಾ ಮತ್ತು ರಂಗಾಯಣ ರಘು ಕಟ್ಟಿದ ಸಂಚಾರಿ ಥಿಯೇಟರ್ ಅದು. ಯೋಚನೆ ಮಾಡಿ, ನಾವು ಐಡಿ ಕಾರ್ಡಿನಲ್ಲಿ ಕಂಪನಿ ಹೆಸರು ನೇತು ಹಾಕಿಕೊಂಡು ಓಡಾಡುತ್ತೇವೆ, ಸಂಜೆ ತೆಗೆದು ಬ್ಯಾಗಿಗೆ ಹಾಕುತ್ತೇವೆ. ಈ ಮನುಷ್ಯ ತಂಡದ ಹೆಸರನ್ನ ತನ್ನ ಹೆಸರಿನ ಮುಂದೆ ಕಟ್ಟಿಕೊಂಡು ಕೊನೆಯವರೆಗೂ ತೆಗೆಯಲಿಲ್ಲ.

2015ರ ಸೆಪ್ಟೆಂಬರಿನಲ್ಲಿ 'ನಾನು ಅವನಲ್ಲ ಅವಳು' ಬಿಡುಗಡೆ ಆಯಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿ ಬಿ.ಎಸ್. ಲಿಂಗದೇವರು ಮಾಡಿದ ಸಿನಿಮಾ. ಅದಕ್ಕೂ ಮೊದಲೇ, ಮಾರ್ಚಿನಲ್ಲಿ, ವಿಜಯ್‌ಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಘೋಷಣೆ ಆಗಿತ್ತು. ಕನ್ನಡ ಸಿನಿಮಾಕ್ಕೆ ಆ ಪ್ರಶಸ್ತಿ ತಂದವರಲ್ಲಿ ಅವರು ಮೂರನೆಯವರು. 'ಚೋಮನ ದುಡಿ'ಯ ವಾಸುದೇವ ರಾವ್, 'ತಬರನ ಕಥೆ'ಯ ಚಾರುಹಾಸನ್, ಆಮೇಲೆ ಇವರು.

ನಾನು ನೋಡಿದ್ದು ಇಲ್ಲೇ ಮಾಲಿನಲ್ಲಿ. ಹಾಲಿನಲ್ಲಿ ಇಪ್ಪತ್ತು ಜನ ಇದ್ದರೇನೋ. ಸಿನಿಮಾದಲ್ಲಿ ಗಂಡು ಹೆಣ್ಣಿನ ವೇಷ ಹಾಕಿದರೆ ನಗೋದು ನಮಗೆ ಅಭ್ಯಾಸ. ಹಿಂದಿನ ಸಾಲಿನ ಹುಡುಗರೂ ಮೊದಮೊದಲು ನಕ್ಕರು. ಸ್ವಲ್ಪ ಹೊತ್ತಿಗೆ ಸುಮ್ಮನಾದರು. ವಿಜಯ್ ನಗುವುದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ಸೀರೆ, ಬಳೆಯಷ್ಟೇ ಆಗಿದ್ದರೆ ಅದು ಮೇಕಪ್‌ನ ಕೆಲಸ ಅನ್ನಬಹುದಿತ್ತು (ಆ ಮೇಕಪ್‌ಗೂ ರಾಷ್ಟ್ರಪ್ರಶಸ್ತಿ ಬಂತು ಅನ್ನಿ). ನನಗೆ ನೆನಪಿರೋದು ಅವರ ಕಣ್ಣು. ಯಾವಾಗ ಯಾರು ಹೊಡೆಯುತ್ತಾರೋ ಎಂದು ಕಾಯುತ್ತಾ, ಆದರೂ ಖುಷಿಯಾಗಿರಲು ಹೊರಟವರ ಕಣ್ಣು.

ಅದೇ ವರ್ಷ ಅತ್ಯುತ್ತಮ ಕನ್ನಡ ಚಿತ್ರ ಅಂತ ಪ್ರಶಸ್ತಿ ಪಡೆದ ಮಂಸೋರೆಯವರ 'ಹರಿವು' ಸಿನಿಮಾದಲ್ಲೂ ಅವರೇ ಇದ್ದರು. ಕಾಯಿಲೆಯ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆತಂದ ರೈತ, ಮಗ ಸತ್ತ ಮೇಲೆ ಹೆಣವನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಡುತ್ತಾನೆ. ಅದನ್ನು ಲ್ಯಾಪ್‌ಟಾಪಿನಲ್ಲಿ ನೋಡಿ ಮುಚ್ಚಿಟ್ಟವನು ಆ ರಾತ್ರಿ ಅಪ್ಪನಿಗೆ ಸುಮ್ಮಸುಮ್ಮನೆ ಫೋನ್ ಮಾಡಿದ್ದೆ. ಬೆಂಗಳೂರು ನಮಗೆಲ್ಲ ಸಂಬಳ ಕೊಟ್ಟ ಊರು. ಆ ಟ್ರಂಕಿನವನಿಗೂ ಇದೇ ಬೆಂಗಳೂರು.

ಪ್ರಶಸ್ತಿ ಬಂದ ಮೇಲೂ ಅವರು ಸೂಪರ್‌ಸ್ಟಾರ್ ಆಗಲಿಲ್ಲ. 'ನಾತಿಚರಾಮಿ', 'ಆರನೇ ಮೈಲಿ', 'ಆ್ಯಕ್ಟ್ 1978'... ಸಣ್ಣ ಬಜೆಟ್ಟಿನ, ಕಥೆ ಮುಖ್ಯವಾದ ಸಿನಿಮಾಗಳನ್ನೇ ಮಾಡುತ್ತಾ ಹೋದರು. 'ನಾತಿಚರಾಮಿ' ಹೆಣ್ಣಿನ ಕಥೆ. ಅಲ್ಲಿ ಅವರು ಪಕ್ಕಕ್ಕೆ ಸರಿದು ನಿಂತಿದ್ದಾರೆ. ರಾಷ್ಟ್ರಪ್ರಶಸ್ತಿ ಪಡೆದ ನಟನಿಗೆ ಪಕ್ಕಕ್ಕೆ ಸರಿಯೋದು ಸುಲಭ ಅಂದುಕೊಳ್ಳಬೇಡಿ.

ಜೂನ್ 2021. ನಾನು ಊರಿನಿಂದಲೇ ವರ್ಕ್ ಫ್ರಂ ಹೋಮ್ ಮಾಡುತ್ತಿದ್ದೆ. ಕೋವಿಡ್ ಎರಡನೇ ಅಲೆಯಲ್ಲಿ ಕಷ್ಟದಲ್ಲಿದ್ದವರಿಗಾಗಿ ಓಡಾಡುತ್ತಿದ್ದ ವಿಜಯ್, 12ರ ರಾತ್ರಿ ಜೆ.ಪಿ. ನಗರದಲ್ಲಿ ಸ್ನೇಹಿತರ ಬೈಕಿನ ಹಿಂದೆ ಕೂತು ಹೋಗುವಾಗ ಬೈಕ್ ಜಾರಿತು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಮೆದುಳು ನಿಷ್ಕ್ರಿಯವಾದ ಮೇಲೆ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. 15ರಂದು ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಮಣ್ಣಾದರು. ಮೂವತ್ತೇಳು ವರ್ಷ. ಅಷ್ಟು ವಯಸ್ಸಿಗೆ ಅಲನ್ ರಿಕ್‌ಮನ್‌ರ ಮೊದಲ ಸಿನಿಮಾವೇ ಬಂದಿರಲಿಲ್ಲ.

ಟಿವಿ ಮುಂದೆ ಕೂತಿದ್ದ ಅಪ್ಪ, "ಈ ಹುಡುಗ ಇಂಜಿನಿಯರ್ ಓದಿದ್ನಂತಲ್ಲ?" ಅಂದರು.

"ಹೂಂ. ಪಾಠಾನೂ ಮಾಡ್ತಿದ್ರು."

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ನೋಡದೇ, "ನಿಂಗೆ ಆವತ್ತು ಬ್ಯಾಡ ಅನ್ಬಾರ್ದಾಗಿತ್ತು ಕಣಪ್ಪ" ಅಂದರು.

ಅಪ್ಪ ಬೇಡ ಅಂದದ್ದಕ್ಕೆ ನಾನು ಬಿಟ್ಟಿದ್ದಲ್ಲ ಅಂತ ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಸ್ಟ್ಯಾಂಡ್‌ಅಪ್ ಕಾಲ್ ಬಂತು, ಎದ್ದು ಹೋದೆ.

ಕಳೆದ ವಾರ ಅಪ್ಪನ ಫೋನ್. ಈ ಸಲ ಜಾತ್ರೆಗೆ ಮತ್ತೆ ಕುರುಕ್ಷೇತ್ರ. "ನಂಗೆ ಮಂಡಿ ನೋವು, ಪಾರ್ಟು ಆಗಲ್ಲ. ಸಾತ್ಯಕಿ ಖಾಲಿ ಐತೆ. ಎರಡು ಕಂದ, ಒಂದು ಹಾಡು. ರೇಟೂ ಜಾಸ್ತಿ ಇಲ್ಲ. ನೋಡು."

ಆ ಸಂಜೆ ಲೀವ್ ಅಪ್ಲೈ ಮಾಡಿದೆ. ಕಾರಣದ ಜಾಗದಲ್ಲಿ ಅಭ್ಯಾಸಬಲದಿಂದ 'ಫ್ಯಾಮಿಲಿ ಫಂಕ್ಷನ್' ಅಂತ ಟೈಪ್ ಮಾಡಿದ್ದೆ. ಅಳಿಸಿ, 'ನಾಟಕದಲ್ಲಿ ಪಾತ್ರ ಮಾಡುತ್ತಿದ್ದೇನೆ' ಅಂತ ಬರೆದೆ. ಹತ್ತು ನಿಮಿಷಕ್ಕೆ ಮ್ಯಾನೇಜರ್ ಮೆಸೇಜು ಬಂತು: "ಅಪ್ರೂವ್ಡ್. ಯಾವ ಪಾರ್ಟು?"