ರಷ್ಯಾದ ಹಡಗು, ಅಮೆರಿಕದ ಎಂಜಿನ್, ನಮ್ಮ ನೆಲ

ಟಿವಿಯಲ್ಲಿ ‘ಭಾರತ ಅಮೆರಿಕದ ಕಡೆಯೋ, ರಷ್ಯಾದ ಕಡೆಯೋ’ ಎಂಬ ಚರ್ಚೆ ಬಂದರೆ ಮರುದಿನ ಚಹಾದಂಗಡಿಯಲ್ಲಿ ನನ್ನನ್ನು ಕೇಳುತ್ತಾರೆ: “ನೀವು ಪೇಪರಿನವರು, ಹೇಳಿ.” ನಾನು ಉತ್ತರ ಕನ್ನಡದ ಸುದ್ದಿ ಬರೆಯುವವನು, ದೆಹಲಿಯದ್ದಲ್ಲ. ಆದರೆ ಇದಕ್ಕೆ ಉತ್ತರ ನಮ್ಮ ಕಾರವಾರದಲ್ಲೇ ಇದೆ.

ಇಲ್ಲಿನ ಕದಂಬ ನೌಕಾನೆಲೆಯಲ್ಲಿ ಐಎನ್‌ಎಸ್ ವಿಕ್ರಮಾದಿತ್ಯ ನಿಲ್ಲುತ್ತದೆ. ವಿಮಾನ ಹೊರುವ ಈ ಹಡಗು ಮೊದಲು ಸೋವಿಯತ್ ನೌಕಾಪಡೆಯದ್ದು. 2004ರ ಒಪ್ಪಂದದಲ್ಲಿ ರಿಪೇರಿಗೆ ಹೇಳಿದ ದರ ಸುಮಾರು 97 ಕೋಟಿ ಡಾಲರ್. ಆಮೇಲೆ ಅದು 235 ಕೋಟಿಗೆ ಏರಿತು. 2008ಕ್ಕೆ ಸಿಗಬೇಕಿದ್ದ ಹಡಗು ಸಿಕ್ಕಿದ್ದು 2013ರಲ್ಲಿ. ಅರ್ಧ ಬಿಚ್ಚಿಟ್ಟ ಪಂಪ್‌ಸೆಟ್ಟನ್ನು ಬೇರೆ ಮೆಕ್ಯಾನಿಕ್ ಹತ್ತಿರ ಒಯ್ಯಲಾದೀತೇ? ಹಾಗಾಯಿತು ನಮ್ಮ ಪಾಡು.

ಹಾಗಾದರೆ ಅಮೆರಿಕವನ್ನೇ ನಂಬಬಹುದಿತ್ತಲ್ಲ? 1971ರ ಯುದ್ಧದಲ್ಲಿ ನಮ್ಮನ್ನು ಹೆದರಿಸಲು ಬಂಗಾಳ ಕೊಲ್ಲಿಗೆ ಯುದ್ಧನೌಕೆ ಕಳಿಸಿದ್ದು ಅದೇ ಅಮೆರಿಕ. ಆಗ ಬೆನ್ನಿಗೆ ನಿಂತದ್ದು ಸೋವಿಯತ್ ಒಕ್ಕೂಟ. 1998ರಲ್ಲಿ ಪೋಖ್ರಾನ್‌ನಲ್ಲಿ ಅಣುಬಾಂಬ್ ಪರೀಕ್ಷೆ ನಡೆದಾಗ ಅಮೆರಿಕ ನಿರ್ಬಂಧ ಹೇರಿತು. ಬೆಂಗಳೂರಿನಲ್ಲಿ ನಡೆಯುತ್ತಿದ್ದ ತೇಜಸ್ ವಿಮಾನದ ಕೆಲಸಕ್ಕೂ ಅದರ ಪೆಟ್ಟು ಬಿತ್ತು.

ಅದಕ್ಕೇ ಸರ್ಕಾರ ಯಾವುದೇ ಬರಲಿ, ಎರಡೂ ಕಡೆ ಲೆಕ್ಕ ಇಟ್ಟುಕೊಳ್ಳುತ್ತದೆ. 2018ರಲ್ಲಿ ರಷ್ಯಾದಿಂದ ಎಸ್-400 ಕ್ಷಿಪಣಿ ವ್ಯವಸ್ಥೆ, 2020ರಲ್ಲಿ ಅಮೆರಿಕದಿಂದ 24 ನೌಕಾ ಹೆಲಿಕಾಪ್ಟರ್, 2025ರಲ್ಲಿ ಫ್ರಾನ್ಸ್‌ನಿಂದ 26 ರಫೇಲ್ ಮೆರೀನ್ ವಿಮಾನಗಳಿಗೆ ಒಪ್ಪಂದ.

ಇದರಿಂದ ಒಬ್ಬನ ಮುಷ್ಟಿಗೆ ಸಿಕ್ಕಿಬೀಳುವುದು ತಪ್ಪುತ್ತದೆ, ನಿಜ. ಆದರೆ ಎರಡು ಬಾಗಿಲಲ್ಲಿ ಕಾಯಬೇಕು. ಉಕ್ರೇನ್ ಯುದ್ಧ ಶುರುವಾದ ಮೇಲೆ ಎಸ್-400 ತಡವಾಯಿತು. 2021ರಲ್ಲಿ ತೇಜಸ್‌ಗೆಂದು ಅಮೆರಿಕದ ಕಂಪನಿಗೆ 99 ಎಂಜಿನ್ ಹೇಳಿದ್ದೆವು. ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಕೊಚ್ಚಿಯಲ್ಲಿ ನಾವೇ ಕಟ್ಟಿದ ವಿಕ್ರಾಂತ್ ಹಡಗಿಗೂ ಎಂಜಿನ್ ಅಮೆರಿಕದ ವಿನ್ಯಾಸದ್ದು, ಮೇಲಿನ ಮಿಗ್ ವಿಮಾನ ರಷ್ಯಾದ್ದು.

ಕದಂಬ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಬೀಸುವ ಕಡಲತೀರ ಬಿಟ್ಟು ಎದ್ದವು. ದೇಶದ ಕೈ ಗಟ್ಟಿಯಾಗಲಿ ಎಂದೇ ಆ ನೆಲ ಪಡೆದದ್ದು. ಅಲ್ಲಿ ನಿಂತ ಹಡಗು ವಿದೇಶದ ಒಂದು ಬಿಡಿಭಾಗಕ್ಕಾಗಿ ಕಾಯುವಂತಾದರೆ, ಮನೆ ಬಿಟ್ಟವರಿಗೆ ಏನೆಂದು ಹೇಳುವುದು?

ಹಾಗಾಗಿ ಚಹಾದಂಗಡಿಯಲ್ಲಿ ನಾನೀಗ ತಿರುಗಿ ಕೇಳುತ್ತೇನೆ: ಯಾರ ಕಡೆ ಎಂಬುದು ಇರಲಿ, ಕೆಟ್ಟರೆ ರಿಪೇರಿ ಮಾಡುವವರು ಯಾರು? ‘ನಾವೇ’ ಎನ್ನುವ ದಿನ ಬರುವವರೆಗೆ ಎರಡೂ ಕಡೆ ನಗುತ್ತಲೇ ಇರಬೇಕು.