ವಳಕಮದಿನ್ನಿಯಲ್ಲಿ ಚೇತರಿಕೆ
ರಾಯಚೂರು ಸೀಮೆಯಲ್ಲಿ ದಿನ್ನಿಯೆಂದರೆ ದಿಬ್ಬ. 1915ರಲ್ಲಿ ದೊರೆತ ಅಶೋಕನ ಶಾಸನವನ್ನು ನೋಡಲು ಮಸ್ಕಿಗೆ ಬಂದವರು ವಳಕಮದಿನ್ನಿಯತ್ತ ಹೊರಳುವುದು ಅಪರೂಪ. ಸಿಂಗಾಪುರದಂಥ ದೂರದೇಶದಿಂದ ಡೆಂಗಿ ಜ್ವರವನ್ನು ಹೊತ್ತು ಮರಳಿದವನಿಗಾದರೋ ಇಂಥ ಹಳ್ಳಿಯ ಶಾಂತಿಯೇ ಅರ್ಧ ಔಷಧ. ಆದರೆ ಮೈಮರೆಯುವಂತಿಲ್ಲ. ಜ್ವರ ಇಳಿದಾಗಲೇ ಗಂಡಾಂತರದ ಒಂದೆರಡು ದಿನಗಳು ಮೊದಲಾಗುವುದುಂಟು. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಲಿಂಗಸುಗೂರಿನ ಇಲ್ಲವೆ ಸಿಂಧನೂರಿನ ಆಸ್ಪತ್ರೆಗೆ ಹೊರಡಲೇಬೇಕು. ಅದು ಕಳೆದರೂ ವಾರಗಟ್ಟಲೆ ಮೈಯಲ್ಲಿ ಕಸುವಿರದು.

ಜ್ವರವಿರುವಷ್ಟು ದಿನ ಹಗಲಿನಲ್ಲೂ ಸೊಳ್ಳೆಪರದೆ ಬೇಕು; ಅದು ರೋಗಿಗಿಂತ ಮನೆಯವರ ರಕ್ಷಣೆಗೆ. ಅವನನ್ನು ಕಡಿದ ಸೊಳ್ಳೆಯೇ ಊರಿಗೆ ರೋಗವನ್ನು ಹಂಚೀತು. ಆ ಸೊಳ್ಳೆ ಹುಟ್ಟುವುದು ಮನೆಯ ಹಂಡೆಯ ತಿಳಿನೀರಿನಲ್ಲಿ. ನೀರು ಚೆಲ್ಲಿದರಷ್ಟೇ ಸಾಲದು, ಒಳಮೈಯನ್ನು ವಾರಕ್ಕೊಮ್ಮೆ ತಿಕ್ಕಬೇಕು: ಅಲ್ಲಿ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.