ಚೀಟಿ ಇರುವ ಕಲ್ಲು

ಹೈದರಾಬಾದಿನಲ್ಲಿ ಕಲ್ಲಿಗೇನೂ ಬರವಿಲ್ಲ. ಬಂಜಾರಾ ಹಿಲ್ಸ್‌ನಿಂದ ಗೋಲ್ಕೊಂಡದವರೆಗೆ ಬಂಡೆಯ ಮೇಲೆ ಬಂಡೆ. ಆದರೆ ಇದೆಲ್ಲ ಭೂಮಿಯೊಳಗಿನ ಶಿಲಾರಸ ತಣಿದು ಆದ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಹುಡುಕಿದರೂ ಇದರಲ್ಲಿ ಒಂದು ಚಿಪ್ಪು ಸಿಗದು. ನಮ್ಮ ಸೀಮೆಯಿಂದ ಬಂದು ಇಲ್ಲಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿಕೊಂಡಿರುವ ಶಹಾಬಾದಿ ಕಲ್ಲು ಕಡಲಡಿಯ ಸುಣ್ಣದ ಕೆಸರಿನಿಂದಾದದ್ದು ನಿಜ. ಆದರೆ ಅದು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಹಿಂದಿನ ಕಡಲು.

ಹೀಗಾಗಿ, ಭೂವಿಜ್ಞಾನ ಓದುವ ನಮ್ಮ ಅಕ್ಕನ ಮಗ ತಮಿಳುನಾಡಿನ ಅರಿಯಲೂರಿನಿಂದ ಕರವಸ್ತ್ರದಲ್ಲಿ ಸುತ್ತಿ ತಂದ ಕಲ್ಲು ನಮಗೆಲ್ಲ ಹೊಸದಾಗಿ ಕಂಡಿತು. ನಿಂಬೆಹಣ್ಣಿನ ಗಾತ್ರ, ಬೂದುಬಣ್ಣ, ನೆತ್ತಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿಡಿಸಿದ ಹೂವು. ತೊಂಬತ್ತರ ಹತ್ತಿರದ ನಮ್ಮ ತಾಯಿ ಕನ್ನಡಕ ಏರಿಸಿ ನೋಡಿದರು.

"ಚಕ್ರ ಎಲ್ಲದನೋ ಇದಕ್ಕ?"

"ಚಕ್ರ ಇಲ್ಲ ಅಜ್ಜಿ, ಐದು ಎಸಳಿನ ಹೂ ಅದ."

ಅದು ಸೀ ಅರ್ಚಿನ್ ಎಂಬ ಕಡಲಜೀವಿಯ ಪಳೆಯುಳಿಕೆ. ಬದುಕಿರುವಾಗ ಮೈತುಂಬ ಮುಳ್ಳು. ಸತ್ತ ಮೇಲೆ ಮುಳ್ಳು ಉದುರಿ ಗಟ್ಟಿ ಕವಚ ಉಳಿಯುತ್ತದೆ. ಅದರೊಳಗೆ ತುಂಬಿದ ಕೆಸರು ಕಾಲಾಂತರದಲ್ಲಿ ಕಲ್ಲಾಗುತ್ತದೆ. ಆ ಎಸಳುಗಳು ಸಣ್ಣ ರಂಧ್ರಗಳ ಸಾಲು. ಅರಿಯಲೂರು ಆರೇಳು ಕೋಟಿ ವರ್ಷಗಳಿಗೂ ಹಿಂದೆ ಕಡಲಾಗಿತ್ತು. ಅಲ್ಲಿನ ಇಂಥ ಜೀವಿಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಡಿನಾಂಡ್ ಸ್ಟೊಲಿಚ್ಕಾ 1873ರಲ್ಲೇ ವರ್ಣಿಸಿದ್ದಾರೆ. ಈಗ ಅಲ್ಲಿನ ಸುಣ್ಣದಕಲ್ಲು ಸಿಮೆಂಟ್ ಕಾರ್ಖಾನೆಗಳಿಗೆ ಹೋಗುತ್ತಿದೆ. ಯಾರೂ ಎತ್ತಿಡದ ಹೂವು ಗೋಡೆಯೊಳಗೆ ಸೇರಿಹೋಗುವುದೇ ಸರಿ.

ಇದನ್ನು ಆಯ್ದಿಡುವ ಹುಚ್ಚು ಇಂದಿನದಲ್ಲ. ಇಂಗ್ಲೆಂಡಿನ ಹಳ್ಳಿಗರು ಇದನ್ನು 'ಕುರುಬನ ಕಿರೀಟ' ಎಂದು ಕರೆದು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದರು. ಮನೆಗೆ ಸಿಡಿಲು ಬಡಿಯದೆಂದು ನಂಬಿಕೆ. ಅಲ್ಲಿನ ಡನ್‌ಸ್ಟೇಬಲ್ ಬಳಿ 1887ರಲ್ಲಿ ಅಗೆದ ಪ್ರಾಚೀನ ಸಮಾಧಿಯೊಂದರಲ್ಲಿ ಒಬ್ಬ ಹೆಂಗಸು, ಒಂದು ಮಗು. ಅವರ ಸುತ್ತ ಇಂಥ ಇನ್ನೂರಕ್ಕೂ ಹೆಚ್ಚು ಕಲ್ಲುಗಳು. ಅಂಗೈಯಲ್ಲಿ ಹಿಡಿಸುವ ಗುಂಡು ಕಲ್ಲಿನ ಮೇಲೆ ಯಾರ ಉಳಿಯೂ ಸೋಕದೆ ಮೂಡಿದ ಹೂವು ಕಂಡರೆ ಬಿಟ್ಟುಬರಲು ಯಾರಿಗೆ ತಾನೇ ಮನಸ್ಸಾದೀತು?

ನಮ್ಮವರಿಗೂ ಮನಸ್ಸಾಗಲಿಲ್ಲ. ನಮ್ಮ ದೇವರ ಪೆಟ್ಟಿಗೆಯ ಸಾಲಿಗ್ರಾಮವೂ ಇದರ ದೂರದ ನೆಂಟನೇ. ನೇಪಾಳದ ಗಂಡಕಿ ನದಿ ಉರುಳಿಸಿ ತರುವ ಆ ಕಪ್ಪು ಕಲ್ಲಿನ ಚಕ್ರ ಅಮೊನೈಟ್ ಎಂಬ ಕಡಲಜೀವಿಯ ಸುರುಳಿ ಚಿಪ್ಪು. ಹಿಮಾಲಯ ಏಳುವುದಕ್ಕೆ ಬಹು ಹಿಂದಿನದು. ಹುಡುಗ ಇದನ್ನು ಅಂಜುತ್ತಲೇ ಹೇಳಿದ. ನಮ್ಮ ತಾಯಿ ನಕ್ಕುಬಿಟ್ಟರು. "ಸಮುದ್ರದಾಗಿಂದು ಅಂದ್ರ ಛಲೋನೇ ಆತಲ್ಲೋ. ನಾರಾಯಣ ಇರೋದೂ ಅಲ್ಲೇ ಅಲ್ಲೇನು?"

ಕಲ್ಲಿನ ಜೊತೆ ಕರವಸ್ತ್ರದಲ್ಲಿ ಒಂದು ಚೀಟಿಯೂ ಇತ್ತು: ಸಿಕ್ಕ ಊರು, ಕಲ್ಲಿನ ಪದರ, ತಾರೀಖು. "ಚೀಟಿ ಕಳೀಬ್ಯಾಡ್ರಿ ಮಾವ. ಅದು ಹೋದ್ರ ಇದು ಬರೇ ಕಲ್ಲು," ಎಂದ. ಸಂಗ್ರಾಹಕರ ಮೊದಲ ಪಾಠವೇ ಇದಂತೆ. ಇಂಗ್ಲೆಂಡಿನ ಮಾರ್ಗೇಟ್ ಊರಿನ ವೈದ್ಯ ಆರ್ಥರ್ ರೋ, ಪ್ರತಿಯೊಂದು ಅರ್ಚಿನ್ ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಟ್ಟುಕೊಂಡೇ ಕೂಡಿಹಾಕಿದ. ಅದರಿಂದಲೇ ಆ ಜೀವಿ ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತೆಂದು 1899ರಲ್ಲಿ ತೋರಿಸಿಕೊಡಲು ಸಾಧ್ಯವಾಯಿತು.

ನಮ್ಮ ಸಾಲಿಗ್ರಾಮಕ್ಕೆ ಚೀಟಿಯಿರಲಿಲ್ಲ. ಅಂದು ರಾತ್ರಿ ತಾಯಿ ಹೇಳಿದಂತೆ ಬರೆದುಕೊಂಡೆವು. ಅವರ ಮಾವನವರ ತಂದೆ ಯಾತ್ರೆಯಿಂದ ಬಂದ ಬೈರಾಗಿಯೊಬ್ಬನಿಂದ ಪಡೆದದ್ದು. ರಾಯಚೂರಿನ ಮನೆಯಲ್ಲಿ ಮೂರು ತಲೆ ಪೂಜೆಗೊಂಡದ್ದು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ತಂದೆಯವರ ನೌಕರಿ ಇಲ್ಲೇ ಉಳಿದಾಗ, ನೌಕರಿಯ ಹಿಂದೆ ಹೈದರಾಬಾದಿಗೆ ಬಂದದ್ದು. ಅರ್ಧ ಪುಟವೂ ಆಗಲಿಲ್ಲ. ಅದಿಷ್ಟೂ ಅದುವರೆಗೆ ಇದ್ದದ್ದು ಅವರೊಬ್ಬರ ನೆನಪಿನಲ್ಲಿ.

ನಮ್ಮಲ್ಲನೇಕರ ಮನೆಗಳಲ್ಲಿ ಇಂಥ ಪೆಟ್ಟಿಗೆಗಳಿವೆ. ಸಾಲಿಗ್ರಾಮವಲ್ಲದಿದ್ದರೆ ಒಂದು ಹಿತ್ತಾಳೆ ದೀಪ, ಒಂದು ಒರಳು. ಹೇಳುವ ಹಿರಿಯರು ಇರುವಾಗಲೇ ಕೇಳಿ, ಒಂದು ಚೀಟಿ ಬರೆದಿಡಿ. ಕನ್ನಡದಲ್ಲೇ ಬರೆಯಿರಿ. ಮಕ್ಕಳಿಗೆ ಓದಲು ಬಾರದೆ ಹೋದರೆ, ಅದೊಂದು ಚೀಟಿಗಾಗಿಯಾದರೂ ಅವರು ಅಕ್ಷರ ಕಲಿಯಲಿ.